ಬೆವರು ಆರದ ಹವೆ

ಭಾನುವಾರ ಅಮ್ಮಯಮ್ಮ ರಾಜಘಟ್ಟಕ್ಕೆ ಹೊರಟಿದ್ದು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ. ಮನಸ್ಸೆಲ್ಲ ಮಾತ್ರ ಮನೆ ಹಿಂದಿನ ಹುಳುಮನೆಯಲ್ಲೇ ಇತ್ತು. ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಕಳೆದ ರೇಷ್ಮೆಹುಳುಗಳು, ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕು.

"ಸಾಯಂಕಾಲದ ಬಸ್ಸಿಗೆ ಬಂದ್ಬಿಡ್ತೀನಿ. ಬೈರೇಶ ಸೋಂಪುರದಿಂದ ಮೂರಕ್ಕೆ ಬಂದು ಸೊಪ್ಪು ಹಾಕ್ತಾನೆ. ನೀನು ಒಳಕ್ಕೆ ಹೋಗ್ಬೇಡ ಕಣಮ್ಮ," ಎಂದು ಸೊಸೆಗೆ ಹೇಳಿ, ಬೀಗದ ಕೈಯನ್ನು ಮಗ ಬೈರೇಶನಿಗೆಂದು ಮೊಳೆಗೆ ನೇತುಹಾಕಿ ಹೋದರು.

ಪದ್ಮಶ್ರೀಗೆ ಈ ಮಾತು ಹೊಸದಲ್ಲ. ದೊಡ್ಡಬೆಳವಂಗಲದ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಅವಳು ಹೋದ ಬೆಳೆಯಲ್ಲಿ ದೊಡ್ಡ ಎಡವಟ್ಟು ಮಾಡಿಕೊಂಡಿದ್ದಳು. ಅವತ್ತು ಫೋನಿನಲ್ಲಿ ಹವೆ 'ಮಗ್ಗಿ' ಎಂದು ಬಂದಿತ್ತು. ಎರಡೊಂದ್ಲ ಎರಡರ ಮಗ್ಗಿಯಲ್ಲ, ಇಂಗ್ಲಿಷಿನ muggy. ನಿಘಂಟಿನಲ್ಲಿ 'ಬೆಚ್ಚನೆಯ, ತೇವದ' ಎಂದಿತ್ತು. ಮಕ್ಕಳಿಗೂ ಹಾಗೇ ಬರೆಸಿದ್ದಳು. ಬೆಚ್ಚಗೆ ಅಂದರೆ ನಮಗೆಲ್ಲ ಹಿತವೇ ತಾನೆ, ಹಸುಗೂಸಿಗೆ ಕುಲಾವಿ ಕಟ್ಟಿದ ಹಾಗೆ! ಆ ಬಿಸುಪು ಆರದಿರಲೆಂದು ಪುಣ್ಯಾತ್ಗಿತ್ತಿ ಕಿಟಕಿಗಳನ್ನೆಲ್ಲ ಮುಚ್ಚಿದಳು. ಗಾಳಿಯಾಡದೆ, ಮೂರು ದಿನದಲ್ಲಿ ಸಪ್ಪೆರೋಗ ಬಂದು ಅರ್ಧ ಹುಳು ಮೆತ್ತಗಾಗಿ ಸತ್ತವು. ಅತ್ತೆ ಬೈಯಲಿಲ್ಲ. ಹುಳುಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು, ಅಷ್ಟೇ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎಂದು ಪದ್ಮಶ್ರೀ ಎಷ್ಟೋ ಸಲ ಅತ್ತಿದ್ದಳು.

ಹನ್ನೆರಡರ ಹೊತ್ತಿಗೆ ಮೋಡ ಕವಿಯಿತು. ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಫೋನಿನಲ್ಲಿ ಮತ್ತೆ ಅದೇ ಪದ. ಈ ಸಲ ಅವಳು ನಿಘಂಟು ನೋಡಲಿಲ್ಲ, ಅಂಗಳಕ್ಕೆ ಬಂದು ನಿಂತಳು. ಬೆಳಿಗ್ಗೆ ಒಗೆದು ಹಾಕಿದ ಸೀರೆ ಇನ್ನೂ ಹಸಿಯಾಗಿತ್ತು. ಕತ್ತಿನ ಬೆವರು ಆರುತ್ತಿರಲಿಲ್ಲ. ಎಷ್ಟು ಉಸಿರೆಳೆದರೂ ಸಾಲದು. ದೊಡ್ಡ ಜೀವಕ್ಕೇ ಹೀಗಾದರೆ, ಒಂದರ ಮೇಲೊಂದು ಮಲಗಿದ ಆ ಹುಳುಗಳ ಗತಿಯೇನು? ಮೂರು ಗಂಟೆಯವರೆಗೆ ಕಾಯುವ ಹಾಗಿರಲಿಲ್ಲ. ಅವಳು ಮೊಳೆಯಿಂದ ಬೀಗದ ಕೈ ತೆಗೆದುಕೊಂಡಳು.

ಒಂದು ಗಂಟೆಗೆ ಅತ್ತೆಯ ಫೋನು ಬಂತು.

"ಹವಾ ಹೆಂಗೈತೆ ಪದ್ಮಾ?"

"ಬೆವರೇ ಆರ್ತಿಲ್ಲ ಅತ್ತೆ. ಉಸಿರು ಕಟ್ದಂಗೆ ಆಗ್ತೈತೆ. ನಾನು ಒಳಕ್ಕೆ ಹೋದೆ."



"ಹೋಗಿ ಏನ್ ಮಾಡ್ದೆ?"

"ಕಿಟಕಿ ಎಲ್ಲಾ ತೆಗ್ದೆ. ತೇವ ಹೀರ್ಲಿ ಅಂತ ಸುಣ್ಣದ ಪುಡಿ ಉದುರಿಸ್ದೆ. ಸೊಪ್ಪು ಒದ್ದೆ ಇತ್ತು, ನೆರಳಲ್ಲಿ ಹರಡಿದೀನಿ. ಆರಿದ ಮೇಲೇ ಹಾಕೋದು."

"ಕೈಕಾಲು ತೊಳ್ಕೊಂಡು ಹೋದ್ಯಾ?"

"ತೊಳ್ಕೊಂಡೇ ಹೋದೆ ಅತ್ತೆ."

ಅಮ್ಮಯಮ್ಮ ಫೋನು ಇಡುವುದನ್ನು ಮರೆತು ತಂಗಿಯ ಕಡೆ ತಿರುಗಿದರೇನೋ, ಅವರ ದನಿ ದೂರದಿಂದ ಕೇಳಿಸಿತು:

"ಲೇ, ರಾತ್ರಿಗೆ ನಂಗೂ ಒಂದು ಚಾಪೆ ಹಾಸೇ. ಇವತ್ತು ಇಲ್ಲೇ ಇರ್ತೀನಿ. ಹುಳ ನೋಡ್ಕೊಳಕ್ಕೆ ನನ್ನ ಸೊಸೆ ಅವ್ಳೆ."