ಮೂವತ್ತಮೂರು ಇಂಚಿನ ಟೈರು ಎಷ್ಟು ಇಂಚು?

ಇದು ನಡೆದ ಕಥೆ. ಸರಿಯಾಗಿ ಹೇಳಬೇಕೆಂದರೆ ಉರುಳಿದ ಕಥೆ, ಏಕೆಂದರೆ ಇದರಲ್ಲಿ ಕಾಲಿಗಿಂತ ಚಕ್ರಕ್ಕೇ ಕೆಲಸ ಹೆಚ್ಚು. ಹೆಚ್ಚುಕಡಿಮೆ ಏನಾದರೂ ಕಂಡರೆ ಅದು ಟೈರಿನ ಮೇಲಿನ ಅಂಕಿಯಲ್ಲಿ, ಕಥೆಯಲ್ಲಲ್ಲ.

ಡಾಂಬರು ಮುಗಿಯುವ ಕಡೆ ಜೀಪ್ ಭಾವನ ಕೆಲಸ ಶುರುವಾಗುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಸಿಗ್ನಲ್ ಟವರು, ಅದನ್ನು ನೋಡಿಕೊಳ್ಳುವವರ ಒಂದಷ್ಟು ಮನೆಗಳು. ಕೆಳಗೆ ಅಂಗಡಿ, ಶಾಲೆ, ಆಸ್ಪತ್ರೆ. ನಡುವೆ ಕಲ್ಲು, ಕೆಸರು, ಕಡಿದಾದ ಏರು. ಆ ದಾರಿಗೆ ನಾಲ್ಕೂ ಚಕ್ರ ಎಳೆಯುವ ಜೀಪೇ ಬೇಕು, ಅಂಥದ್ದು ಇದ್ದದ್ದು ಇವನೊಬ್ಬನ ಹತ್ತಿರ. ಟವರಿನ ಮನೆಯೊಂದರಿಂದ ಹೆಣ್ಣು ತಂದಿದ್ದರಿಂದ ಮೇಲಿನವರಿಗೆಲ್ಲ ಅವನು ಭಾವ. ಬರಬರುತ್ತಾ ಕೆಳಗಿನವರಿಗೂ ಭಾವನೇ ಆದ. ಸ್ವಂತ ಅಕ್ಕ ಮಾತ್ರ ಅವನನ್ನು ‘ಲೋ’ ಎಂದು ಕರೆಯುತ್ತಿದ್ದಳು.

ಈಚೆಗೆ ಜೀಪಿನ ಹಿಂದಿನ ಎರಡೂ ಟೈರು ಕಲ್ಲಿಗೆ ಸಿಕ್ಕಿ ಸೀಳಿದ್ದವು. ಭಾವ ಹೊಸ ಎರಡನ್ನು ತಂದು ಹಾಕಿಸಿದ. ಕಂಪನಿ ಬೇರೆ, ಆದರೆ ಅಂಕಿ ಅದೇ: ಪಕ್ಕದಲ್ಲಿ ದಪ್ಪಗೆ 33. ಅಂದಿನಿಂದ ಜೀಪಿಗೆ ಏನೋ ಕಾಯಿಲೆ. ನಾಲ್ಕು ಚಕ್ರದ ಗೇರ್ ಹಾಕಿದರೆ ಸಾಕು, ಹೊಟ್ಟೆಯೊಳಗಿಂದ ಗೊರ್ ಎಂದು ನರಳುತ್ತಿತ್ತು. ಸ್ಟೇರಿಂಗು ಬಿಗಿಯುತ್ತಿತ್ತು. ಗಟ್ಟಿ ನೆಲದ ನೇರ ದಾರಿಯಲ್ಲೂ ಎಡವಿದಂತೆ ಎಗರುತ್ತಿತ್ತು.

ಬೇರೆ ಸಮಯದಲ್ಲಾಗಿದ್ದರೆ ಹೆಂಡತಿ ಸುಮ್ಮನಿರುತ್ತಿದ್ದಳೇನೋ. ಆದರೆ ಅವಳ ತಂಗಿ ಟವರಿನ ಮನೆಯಲ್ಲಿ ತುಂಬು ಗರ್ಭಿಣಿ. ಮುಂದಿನ ವಾರವೇ ಕೆಳಗೆ ಕರೆತಂದು ಆಸ್ಪತ್ರೆಯ ಹತ್ತಿರ ಇರಿಸಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದರು. ಕರೆತರಬೇಕಾದದ್ದು ಈ ಜೀಪೇ.

“ಈ ನರಳಾಟದಲ್ಲೇ ನನ್ನ ತಂಗೀನ ಕರ್ಕೊಂಡು ಬರ್ತೀರಾ?” ಎಂದಳು ಹೆಂಡತಿ.

“ಹೊಸ ಟೈರು, ಸ್ವಲ್ಪ ಪಳಗಬೇಕು. ಹೊಸ ಚಪ್ಪಲಿ ಕಚ್ಚೋದಿಲ್ವಾ, ಹಾಗೆ.”

“ಚಪ್ಪಲಿ ಕಚ್ಚಿದ್ರೆ ಕಾಲಲ್ಲಿ ಹುಣ್ಣು. ಇದು ಕಚ್ಚಿದ್ರೆ ಅರ್ಧ ದಾರೀಲಿ ಹೆರಿಗೆ. ಯಾರ ಹತ್ರ ಆದ್ರೂ ತೋರಿಸ್ರೀ.”

ಭಾವ ತೋರಿಸಲಿಲ್ಲ, ಟೈರು ಹಾಕಿಸಿದ ದಿನದಿಂದ ಮೆಕ್ಯಾನಿಕ್ ಹೇಳುತ್ತಿದ್ದದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲಿಗೆ ಜೀಪಿನ ಅಂದ ಹೆಚ್ಚಿಸಲು ಹೊರಟ. ಬೆನ್ನಿಗೆ ಕಟ್ಟಿದ್ದ ಸ್ಟೆಪ್ನಿಗೆ ಒಂದು ಗವಸು ಹೊಲಿಸೋಣವೆಂದು ಅಕ್ಕನ ಅಂಗಡಿಗೆ ನಡೆದ.

ಟೈಲರ್ ಅಕ್ಕನ ಅಂಗಡಿ ಅದೇ ಬೀದಿಯ ಕೊನೆಯಲ್ಲಿ. ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಕೊರಳಿಗೆ ಅಳತೆಯ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಯಾರನ್ನು ಬೇಕಾದರೂ ಅಣಕಿಸುವ ಗಂಟಲು ಅವಳದು. ಬಾಗಿಲಿಗೆ ತಮ್ಮ ಬಂದದ್ದೇ ರೇಡಿಯೋ ಜಾಹೀರಾತಿನವನ ದನಿ ತೆಗೆದಳು:

“ಬನ್ನಿ, ಬನ್ನಿ! ಮೂವತ್ಮೂರು ಇಂಚಿನ ಮಹಾ ಟೈರು! ಬಂಡೆಯೂ ಬೆಣ್ಣೆ, ಹಳ್ಳವೂ ಹಾಸಿಗೆ!” ಆಮೇಲೆ ಗಂಟಲೊಳಗಿಂದ, “ಗೊರ್ರ್ರ್...”

“ಆ ಸದ್ದು ಯಾವುದು?”

“ನಿನ್ನ ಜೀಪು. ನೀನು ಬೀದಿ ಆ ತುದೀಲಿರುವಾಗ್ಲೇ ನನಗೆ ಕೇಳಿಸುತ್ತೆ.”

ಭಾವ ಕೇಳಿಸದವನಂತೆ ಗವಸಿನ ವಿಷಯ ಹೇಳಿದ.

“ಟೈರು ತಗೊಂಡು ಬಾ. ಅಳತೆ ತಗೋತೀನಿ.”

“ಅಳತೆ ಯಾಕೆ? ಮೇಲೇ ಬರ್ದಿದೆಯಲ್ಲ! ಮೂವತ್ಮೂರು ಎತ್ತರ, ಹನ್ನೆರಡೂವರೆ ಅಗಲ.”

“ಬರೆದದ್ದೆಲ್ಲ ಅಳತೆ ಆಗಲ್ಲ ಕಣೋ. ನಿನ್ನ ರೆಡಿಮೇಡ್ ಶರ್ಟಲ್ಲಿ ನಲವತ್ತು ಅಂತ ಬರ್ದಿತ್ತು. ಹಾಕ್ಕೊಂಡು ಒಂದು ಸಲ ಕೆಮ್ಮಿದೆ, ಗುಂಡಿ ಹಾರಿ ಬಂದು ನನ್ನ ಹಣೆಗೆ ಬಿತ್ತು. ಮರ್ತುಹೋಯ್ತಾ?”

“ಅದು ಬಟ್ಟೆ, ಇದು ಟೈರು. ಕಂಪನಿಯೋರ ಯಂತ್ರಕ್ಕಿಂತ ನಿನ್ನ ಸೀಮೆಸುಣ್ಣ ದೊಡ್ಡದಾ?”

“ಹೋಗ್ಲಿ, ಮುಂದಿನ ಟೈರು, ಹಿಂದಿನ ಟೈರು, ಎರಡೂ ಒಂದೇ ಎತ್ತರ ಇದೆಯಾ ಅಂತಾದ್ರೂ ನೋಡಿದೆಯಾ?”

“ಅಯ್ಯೋ ಅಕ್ಕಾ! ಇದೂ ಮೂವತ್ಮೂರು, ಅದೂ ಮೂವತ್ಮೂರು. ಇನ್ನೇನು ನೋಡೋದು?”

ಅಕ್ಕ ದಾರದ ತುದಿಯನ್ನು ತುಟಿಯಲ್ಲಿ ಕಚ್ಚಿ ಮುಗುಳ್ನಕ್ಕಳು. ಹಾಗೆ ಅವಳು ನಕ್ಕಾಗಲೆಲ್ಲ ಮನೆಯಲ್ಲಿ ಯಾರೋ ಒಬ್ಬರಿಗೆ ಗ್ರಹಚಾರ ಕಾದಿರುತ್ತಿತ್ತು. ಭಾವ ಅದನ್ನು ಗಮನಿಸಲಿಲ್ಲ.

“ಸರಿ, ನೀನು ಹೇಳಿದ ಅಂಕಿಗೇ ಹೊಲೀತೀನಿ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆ ಇಲ್ಲ. ಆಮೇಲೆ ನನ್ನ ಬೈಬಾರದು.”

ಗವಸು ಚೆನ್ನಾಗಿಯೇ ಬಂತು. ಕಪ್ಪು ದಪ್ಪ ಬಟ್ಟೆ, ನಡುವೆ ಹಳದಿ ದಾರದಲ್ಲಿ 33 ಎಂಬ ಕಸೂತಿ. ಸ್ಟೆಪ್ನಿಗೆ ತೊಡಿಸಿದಾಗ ಅಜ್ಜನ ಕೋಟು ಮೊಮ್ಮಗನಿಗೆ ಹಾಕಿದಂತೆ ಜೋತುಬಿತ್ತು. ಹೊಸ ಬಟ್ಟೆ, ಹಾಗೇ ಇರುತ್ತದೆ ಎಂದು ಭಾವ ಲಾಡಿ ಎಳೆದು ಕಟ್ಟಿ, ಜೀಪನ್ನು ದೊಡ್ಡ ಬೀದಿಗೆ ತಿರುಗಿಸಿದ.

ವೇಗ ಏರಿತು. ಪಕ್ಕದಿಂದ ಗಾಳಿ ನುಗ್ಗಿತು. ಗವಸು ಮೊದಲು ಪಟಪಟ ಎಂದಿತು, ಆಮೇಲೆ ಉಬ್ಬಿತು, ಆಮೇಲೆ ಇನ್ನೂ ಉಬ್ಬಿತು. ಬಸ್ ನಿಲ್ದಾಣದಲ್ಲಿದ್ದವರು ಮಾತು ನಿಲ್ಲಿಸಿ ತಿರುಗಿದರು. ಕ್ಷೌರದವನು ಒಬ್ಬರ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಬಾಗಿಲಿಗೆ ಓಡಿಬಂದ.

“ಏನ್ ಭಾವಾ, ಪ್ಯಾರಾಶೂಟ್ ಕಟ್ಟಿದೀಯಾ? ಬ್ರೇಕ್ ಹಿಡೀತಿಲ್ವಾ?”

ಅರ್ಧ ಗಡ್ಡದವನೂ ನಕ್ಕ. ಭಾವನಿಗೆ ಕಿವಿಯವರೆಗೆ ಬಿಸಿಯೇರಿತು. ಜೀಪು ತಿರುಗಿಸಿ ನೇರ ಅಕ್ಕನ ಅಂಗಡಿಯ ಮುಂದೆ ತಂದು ನಿಲ್ಲಿಸಿದ.

“ಅಕ್ಕಾ, ನಿನ್ನ ಟೇಪು ಹಿಗ್ಗಿಹೋಗಿದೆ!”

ಅಕ್ಕ ಕೊರಳಿನ ಟೇಪು ತೆಗೆದು ಅವನ ಕೈಗಿಟ್ಟಳು. ಭಾವ ಗವಸನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ ಅಳೆದ. ಸರಿಯಾಗಿ ಮೂವತ್ತಮೂರು. ಟೇಪು ತಿರುಗಿಸಿ ಇನ್ನೊಮ್ಮೆ ಅಳೆದ. ಅಷ್ಟೇ.

“ಗವಸು ಸರಿ ಇದೆ. ಈಗ ಟೈರು,” ಎಂದಳು ಅಕ್ಕ.

ಸ್ಟೆಪ್ನಿ ಮೂವತ್ತೆರಡನ್ನೂ ಮುಟ್ಟಲಿಲ್ಲ. ಅಗಲವೂ ಹನ್ನೆರಡೂವರೆಗೆ ಬರಲಿಲ್ಲ. ಭಾವ ಉಸಿರು ಬಿಗಿಹಿಡಿದು ಮತ್ತೆ ಅಳೆದ, ತನ್ನ ಉಸಿರಿಗೆ ಟೈರು ಉಬ್ಬೀತೋ ಎಂಬಂತೆ.

“ಇದು ನೆಲಾನೇ ಮುಟ್ಟಿಲ್ಲ, ಸವೆದೂ ಇಲ್ಲ! ಉಳಿದದ್ದು ಎಲ್ಲಿಗೆ ಹೋಯ್ತು?”

“ಎಲ್ಲಿಗೂ ಹೋಗಿಲ್ಲ. ಬಂದೇ ಇರಲಿಲ್ಲ,” ಎಂದಳು ಅಕ್ಕ. “ಈಗ ಅಸಲಿ ಕೆಲಸ. ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ತುಂಬು.”

ಅಂಗಡಿಯ ಮುಂದಿನ ಸಿಮೆಂಟು ನೆಲದಲ್ಲಿ ಅಕ್ಕ ಮಂಡಿಯೂರಿದಳು. ಮುಂದಿನ ಟೈರು ನೆಲ ಮುಟ್ಟುವಲ್ಲಿ ಟೈರಿಗೊಂದು, ನೆಲಕ್ಕೊಂದು ಸೀಮೆಸುಣ್ಣದ ಗೆರೆ ಎಳೆದಳು. ಭಾವ ಜೀಪನ್ನು ನೇರಕ್ಕೆ, ಮೆಲ್ಲಗೆ ಬಿಟ್ಟ. ಚಕ್ರ ಒಂದು ಸುತ್ತು ಸುತ್ತಿ ಟೈರಿನ ಗೆರೆ ಮತ್ತೆ ನೆಲ ಮುಟ್ಟಿದಾಗ ಅಲ್ಲೊಂದು ಗೆರೆ. ನಡುವಿನ ದೂರಕ್ಕೆ ಟೇಪು ಒಂದು ಸಲಕ್ಕೆ ಸಾಲದೆ ಎರಡು ಸಲ ಹಾಸಬೇಕಾಯಿತು. ತೊಂಬತ್ತೇಳು ಇಂಚು. ಹಿಂದಿನ ಟೈರಿಗೂ ಹಾಗೇ ಮಾಡಿದರು. ನೂರಾ ಒಂದು.

“ನಾಲ್ಕು ಇಂಚು ತಾನೇ?” ಎಂದ ಭಾವ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

“ಒಂದು ಸುತ್ತಿಗೆ ನಾಲ್ಕು. ಗುಡ್ಡ ಹತ್ತೋಕೆ ಎಷ್ಟು ಸುತ್ತು? ಬಾ, ತೋರಿಸ್ತೀನಿ.”

ಅವಳು ಎರಡು ಪಟ್ಟಿ ಬಟ್ಟೆ ತೆಗೆದಳು, ಒಂದು ಗಿಡ್ಡ, ಒಂದು ಸ್ವಲ್ಪ ಉದ್ದ. ಒಂದರ ಮೇಲೊಂದಿಟ್ಟು, ಎರಡರ ಕೊನೆಯೂ ಒಂದೇ ಕಡೆ ಬರುವಂತೆ ಎಳೆದು ಹಿಡಿದು ಯಂತ್ರ ಓಡಿಸಿದಳು. ಉದ್ದದ ಬಟ್ಟೆ ಸುಕ್ಕುಸುಕ್ಕಾಯಿತು, ಗಿಡ್ಡದ್ದು ಬಿಗಿಯಿತು, ಯಂತ್ರ ಗೊರ್ ಎಂದಿತು. ಟಪ್ಪೆಂದು ದಾರ ಕಡಿಯಿತು.

“ಗಿಡ್ಡದ್ದು ಮುಂದಿನ ಚಕ್ರ, ಉದ್ದದ್ದು ಹಿಂದಿನದು. ನಾಲ್ಕು ಚಕ್ರದ ಗೇರ್ ಹಾಕಿದ ಕೂಡ್ಲೇ ಎರಡನ್ನೂ ಸೇರಿಸಿ ಹೊಲಿದ ಹಾಗೆ. ಎರಡೂ ಒಂದೇ ಸಮ ಸುತ್ತಬೇಕು, ಆದ್ರೆ ಹಿಂದಿನದು ಪ್ರತಿ ಸುತ್ತಿಗೂ ನಾಲ್ಕಿಂಚು ಜಾಸ್ತಿ ಹೋಗುತ್ತೆ. ಕೆಸರಲ್ಲಾದ್ರೆ ಜಾರಿ ಸರಿಹೋಗುತ್ತೆ. ಕಲ್ಲಲ್ಲಿ, ಸಿಮೆಂಟಲ್ಲಿ ಎಲ್ಲಿ ಜಾರುತ್ತೆ? ಎಲ್ಲ ಬಿಗಿಯೂ ಒಳಗಿನ ಗೇರ್‌ಪೆಟ್ಟಿಗೆಗೆ. ದಾರ ಕಡಿದ್ರೆ ನಾನು ಮತ್ತೆ ಪೋಣಿಸ್ತೀನಿ. ಅದು ಕಡಿದ್ರೆ?”

“ಇದೆಲ್ಲ ನಿನಗೆ ಹೇಗೆ ಗೊತ್ತು?”

“ನಿನ್ನ ಮೆಕ್ಯಾನಿಕ್ ಪ್ಯಾಂಟ್ ಹೊಲಿಸೋಕೆ ಬಂದಿದ್ದ. ‘ನಿಮ್ಮ ತಮ್ಮನಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೀತು ಅಕ್ಕಾ, ಟೈರಿಗಿಂತ ಮೊದ್ಲು’ ಅಂದ.” ಮೆಕ್ಯಾನಿಕ್ಕನ ಮೂಗಿನ ದನಿಯೂ ಅವಳ ಬಾಯಲ್ಲಿ ಹಾಗೇ ಬಂತು. “ಮಾತಲ್ಲಿ ಹೇಳಿದ್ರೆ ನೀನು ಕೇಳಲ್ಲ. ಅದಕ್ಕೇ ಬಟ್ಟೇಲಿ ಹೇಳ್ದೆ.”

ಭಾವ ಕಡಿದ ದಾರವನ್ನೇ ನೋಡುತ್ತ ನಿಂತ. ನೆತ್ತಿಗೆ ಸ್ವಲ್ಪ ಕೆಳಗೆ, ಒಂದು ಕಡೆ ಬಂಡೆ ಒಂದು ಕಡೆ ಕಣಿವೆ ಇರುವ ಆ ಕಲ್ಲುಹಾಸಿನ ಇಳಿಜಾರು ಕಣ್ಣಿಗೆ ಕಟ್ಟಿತು. ಪಕ್ಕದ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತ ನಾದಿನಿ. ಟಪ್ಪೆಂಬ ಸದ್ದು.

“ಅಕ್ಕಾ, ಆ ಟೇಪು ಒಂದು ದಿನದ ಮಟ್ಟಿಗೆ ಕೊಡ್ತೀಯಾ?” ಎಂದ.

ಗಂಡ ಹೆಂಡತಿ ಇಬ್ಬರೂ ಟೈರ್ ಅಂಗಡಿಗೆ ಹೋದರು. ಭಾವನ ಕೊರಳಲ್ಲಿ ಅಕ್ಕನ ಟೇಪು. ಬಾಗಿಲು ತುಂಬುವಷ್ಟು ದಪ್ಪನೆಯ ಅಂಗಡಿಯವನು ಎಲ್ಲ ಕೇಳಿಸಿಕೊಂಡು ತಲೆ ಆಡಿಸಿದ.

“ಅಂಕಿ ಸುಳ್ಳಲ್ಲ ಭಾವಾ, ಅದು ಹೆಸರು ಇದ್ದ ಹಾಗೆ. ನನ್ನನ್ನ ಊರೆಲ್ಲ ಸಣ್ಣಣ್ಣ ಅಂತ ಕರೆಯುತ್ತೆ, ನಾನು ಸಣ್ಣ ಇದೀನಾ? ಒಂದು ಕಂಪನಿಯ ಮೂವತ್ಮೂರು ಇನ್ನೊಂದರ ಮೂವತ್ಮೂರಿಗೆ ಸಮ ಇರಬೇಕು ಅಂತೇನಿಲ್ಲ. ಟೈರು ಕೂರೋ ಡಿಸ್ಕಿನ ಅಗಲ, ಗಾಳಿ, ಮೇಲಿನ ಭಾರ, ಸವೆತ, ಎಲ್ಲದಕ್ಕೂ ಎತ್ತರ ಬದಲಾಗುತ್ತೆ. ನಿಜವಾದ ಅಳತೆ ಕಂಪನಿಯ ಪಟ್ಟೀಲಿ ಬೇರೆ ಇರುತ್ತೆ. ಕೇಳಿದ್ರೆ ತೋರಿಸ್ತಿದ್ದೆ. ನೀನು ಕೇಳಲಿಲ್ಲ.”

“ನೀನೂ ಹೇಳಲಿಲ್ಲ,” ಎಂದಳು ಹೆಂಡತಿ.

ಸಣ್ಣಣ್ಣ ಸ್ವಲ್ಪ ಸಣ್ಣಗಾದ. “ಅದೂ ನಿಜ ತಾಯಿ. ಇನ್ಮೇಲೆ ಹೇಳ್ತೀನಿ.”

“ಅಲ್ಲ, ಟೈರು ಒಂದಿಂಚು ಎತ್ತರ ಆದ್ರೆ ಜೀಪೂ ಒಂದಿಂಚು ಏಳುತ್ತೆ ತಾನೇ?” ಭಾವ ಕೊನೆಯ ಆಸೆಯಿಂದ ಕೇಳಿದ.

“ಅರ್ಧ ಇಂಚು. ಇನ್ನರ್ಧ ಆಕ್ಸಲಿನ ಮೇಲ್ಗಡೆ ಹೋಗುತ್ತೆ.”

ಭಾವ ಆ ಆಸೆಯನ್ನೂ ಅಲ್ಲೇ ಬಿಟ್ಟ. ಹಿಂದಿನ ಹೊಸ ಟೈರುಗಳದ್ದೇ ಕಂಪನಿ, ಅದೇ ಮಾದರಿಯ ಇನ್ನೂ ಮೂರು ಕೊಂಡರು, ಮುಂದಕ್ಕೆರಡು, ಸ್ಟೆಪ್ನಿಗೊಂದು. ಹಾಕಿಸಿದ ಮೇಲೆ ಅಂಗಡಿಯ ಮುಂದೆಯೇ ಹಿಂದು ಮುಂದು ಎರಡನ್ನೂ ಒಂದೊಂದು ಸುತ್ತು ಉರುಳಿಸಿ ಅಳೆದರು. ಗೆರೆಗೆ ಗೆರೆ ಹೊಂದಿತು. ನಾಲ್ಕು ಚಕ್ರದ ಗೇರ್ ಹಾಕಿ ಹೊರಟಾಗ ಹೆಂಡತಿ ಕಿವಿಗೊಟ್ಟು ಕೇಳಿದಳು. ಗೊರ್ ಇಲ್ಲ. ಮೊದಲ ಸಲ ಅವಳ ಭುಜ ಸಡಿಲಾಯಿತು.

ಆದರೆ ಹೊಸ ಸ್ಟೆಪ್ನಿಗೂ ಆ ಗವಸು ದೊಗಳೆಯೇ. ಬೇರೆ ಹೊಲಿಯಲು ಸಮಯವಿರಲಿಲ್ಲ. ಅದನ್ನೇ ತೊಡಿಸಿಕೊಂಡು, ಹೇಳಿದ ದಿನಕ್ಕೆ ಇಬ್ಬರೂ ಗುಡ್ಡ ಹತ್ತಿದರು. ಕಲ್ಲುಹಾಸಿನ ಏರನ್ನು ಜೀಪು ಮೆತ್ತಗೆ, ಮಾತಿಲ್ಲದೆ ಏರಿತು.

ನೆತ್ತಿಯಲ್ಲಿ ಯಾವಾಗಲೂ ಬಿರುಗಾಳಿ. ಜೀಪು ನಿಂತರೂ ಗವಸು ಇಳಿಯಲಿಲ್ಲ, ದುಂಡಗೆ ಉಬ್ಬಿಕೊಂಡೇ ಇತ್ತು. ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ಹೊರಬಂದಳು. ಗವಸನ್ನು ನೋಡಿದಳು. ತನ್ನ ಹೊಟ್ಟೆ ನೋಡಿಕೊಂಡಳು. ಮತ್ತೆ ಗವಸನ್ನು ನೋಡಿದಳು.

“ಭಾವಾ, ಆಸ್ಪತ್ರೆಗೆ ಹೊರಟಿರೋದು ನಾನೋ, ನಿಮ್ಮ ಜೀಪೋ? ಇದಕ್ಕೆ ಎಷ್ಟು ತಿಂಗಳು?”

ಆಗ ಭಾವ ನಕ್ಕ ನೋಡಿ! ಜೀಪಿನ ಬಾನೆಟ್ಟು ಬಡಿಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಉಳಿದವರ ನಗು ನಿಂತರೂ ಅವನದು ನಿಲ್ಲಲಿಲ್ಲ. ಕೊನೆಗೆ ಹೆಂಡತಿಯೇ ಗದರಬೇಕಾಯಿತು: “ಸಾಕು, ಕೈ ನಡುಗಿಸ್ಬೇಡಿ. ನೀವು ಓಡಿಸ್ಬೇಕು.”

ನಾದಿನಿ ಸುಖವಾಗಿ ಇಳಿದಳು. ಮಗುವೂ ಸುಖವಾಗಿ ಹುಟ್ಟಿತು. ತೂಕ ಎಷ್ಟೆಂದು ನರ್ಸ್ ಹೇಳಿದಾಗ ಭಾವ ಕೇಳಿದನಂತೆ: “ಬರ್ದಿದ್ದು ಹೇಳ್ತಿದೀರೋ, ತೂಗಿ ಹೇಳ್ತಿದೀರೋ?”

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಲ್ಲು ಕೆಸರು ಹತ್ತುವ ಗಾಡಿಯಿದ್ದರೆ ಟೈರು ಕೊಳ್ಳುವಾಗ ಜಾಹೀರಾತಿನ ಅಂಕಿ ನೋಡಿ ಸುಮ್ಮನಾಗಬೇಡಿ. ನಿಜವಾದ ಎತ್ತರ ಎಷ್ಟೆಂದು ಅಂಗಡಿಯವರನ್ನು ಕೇಳಿ. ನಾಲ್ಕು ಚಕ್ರವೂ ಎಳೆಯುವ ಗಾಡಿಗೆ ನಾಲ್ಕೂ ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ಸವೆತದ ಟೈರು ಹಾಕಿಸಿ, ಸ್ಟೆಪ್ನಿಯನ್ನೂ ಮರೆಯಬೇಡಿ. ಒಂದೇ ಸಮ ಗಾಳಿ ತುಂಬಿ, ಗೆರೆ ಎಳೆದು, ಒಂದು ಸುತ್ತು ಉರುಳಿಸಿ ನೋಡಿ. ಒಂದು ತುಂಡು ಸೀಮೆಸುಣ್ಣ, ಒಂದು ಟೇಪು, ಇಷ್ಟೇ ಸಾಕು. ಮೊದಲೇ ಅಳೆದವರು ಆಮೇಲೆ ಅಳುವುದಿಲ್ಲ.

ಇಷ್ಟು ಹೇಳಿದರೂ ಅಳೆಯುವುದಿಲ್ಲ ಎನ್ನುವವರಿಗೆ ಜೀಪ್ ಭಾವನ ಹತ್ತಿರ ಕಪ್ಪು ಬಟ್ಟೆಯ ಗವಸೊಂದು ಖಾಲಿ ಇದೆ. ಹೋಗಿ ಕೇಳಿ, ಖಂಡಿತ ಕೊಡುತ್ತಾನೆ. ಸ್ವಲ್ಪ ಕಾಯಬೇಕು ಅಷ್ಟೇ, ಅವನು ನಕ್ಕು ಮುಗಿಸುವವರೆಗೆ.