ಅರ್ತಿಲ್ಲದ ಮಾತು

ಚಿಕ್ಕೀರಣ್ಣ ಇಂಡಿಕೇಟರ್ ಹಾಕಿದ ಮೇಲೂ ಕೈ ತೋರಿಸುತ್ತಿದ್ದ. ಬಲಕ್ಕೆ ತಿರುಗುವುದಿದ್ದರೆ ಲಾರಿಯ ಕಿಟಕಿಯಿಂದ ಬಲಗೈ ನೀಳವಾಗಿ ಹೊರಬರುತ್ತಿತ್ತು. ಎಡಕ್ಕಾದರೆ ಅದೇ ಬಲಗೈ ರಾಗಿ ಬೀಸುವ ಹಾಗೆ ಗಾಳಿಯಲ್ಲಿ ಒಂದು ಸುತ್ತು ಹಾಕುತ್ತಿತ್ತು. ಅಂಗಡಿ ಸಾಲಿನವರು ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಮೈಯುರಿಯುತ್ತದೆ.

ಹಳೆಯ ಲಾರಿ, ರುದ್ರಮುನಿಯವರದು. ಚಿಕ್ಕೀರಣ್ಣ ಇಪ್ಪತ್ತೆರಡು ವರ್ಷದಿಂದ ಅದರ ಡ್ರೈವರ್. ವೈರಿಂಗ್ ಕೆಲಸಕ್ಕೆ ಅದು ನನ್ನ ಅಂಗಡಿಗೇ ಬರುತ್ತಿತ್ತು. ಆ ವರ್ಷ ಅದರ ಬಲಗಡೆಯ ಹೆಡ್‌ಲೈಟು ಮಂಕಾಗತೊಡಗಿತು. ಇಂಡಿಕೇಟರ್ ಹಾಕಿದರೆ ಅದು ಮಿಣುಕುವ ಬದಲು ಹೆಡ್‌ಲೈಟೇ ತೂಕಡಿಸುತ್ತದೆ ಎಂದು ಚಿಕ್ಕೀರಣ್ಣ ದೂರಿದ. ಬಲ್ಬು ಬದಲಿಸಿದೆ, ಫ್ಯೂಸು ನೋಡಿದೆ, ಸ್ವಿಚ್ಚು ಬಿಚ್ಚಿ ಒರೆಸಿದೆ. ಅಂಗಡಿಯಲ್ಲಿ ಎಲ್ಲವೂ ಝಗಝಗ ಉರಿಯಿತು. ರಸ್ತೆಗಿಳಿದರೆ ಮತ್ತೆ ಅದೇ ರಾಗ. ಹೀಗೆ ಮೂರು ಸಲ ಬಂದ.

ಮೂರನೆಯ ಸಲ ಅವನೇ ಹೇಳಿದ: "ಮೇಸ್ತ್ರಿ, ಅರ್ತು ಸಿಗ್ತಿಲ್ಲ ಅನ್ಸುತ್ತೆ. ಒಂದ್ಸಲ ಅದನ್ನೂ ನೋಡು."

ಬಲ್ಬಿಗೆ ಹೋದ ಕರೆಂಟು ಲಾರಿಯ ಕಬ್ಬಿಣದ ಮೈಯಿಂದ ಬ್ಯಾಟರಿಗೆ ಮರಳುವ ದಾರಿಯನ್ನು ನಮ್ಮ ಕಸುಬಿನಲ್ಲಿ ಅರ್ತು ಎನ್ನುತ್ತೇವೆ. ಸ್ಟೀರಿಂಗ್ ತಿರುಗಿಸುವವನು ನನಗೆ ಪಾಠ ಹೇಳುವುದೇ? ನನಗೆ ರೇಗಿತು.

"ನಿನ್ ಮಾತಿಗೇ ಅರ್ತಿಲ್ಲ, ಹೋಗಣ್ಣ," ಎಂದೆ.

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಆದರೆ ಕೀಲಿ ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಅದಾಗಿ ವಾರಕ್ಕೆ, ಮುಸ್ಸಂಜೆಯಲ್ಲಿ ಲಾರಿ ಬಲಕ್ಕೆ ತಿರುಗುವಾಗ ಎದುರಿನಿಂದ ಬಂದ ಹಾಲಿನ ವ್ಯಾನು ಚರಂಡಿಗಿಳಿಯಿತು. ವ್ಯಾನಿನವನ ಎರಡು ಹಲ್ಲು ಮುರಿದವು. ಸಿಗ್ನಲ್ಲೇ ಇರಲಿಲ್ಲ ಎಂದು ಅವನು. ಹಾಕಿದ್ದೆ, ಕೈಯನ್ನೂ ತೋರಿಸಿದ್ದೆ ಎಂದು ಚಿಕ್ಕೀರಣ್ಣ. ಮರುದಿನ ರುದ್ರಮುನಿಯವರು ಲಾರಿಯನ್ನೂ ಚಿಕ್ಕೀರಣ್ಣನನ್ನೂ ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು.

"ಒಂದೇ ಮಾತು ಹೇಳಪ್ಪ. ತಪ್ಪು ವೈರಿಂದೋ, ಡ್ರೈವರ್ದೋ?"

ಇನ್ನೊಮ್ಮೆ ಹಚ್ಚಿ ನೋಡಿದೆ. ಉರಿಯಿತು. ಬ್ಯಾಟರಿಯ ಮೇಲೆ ಕೈಯಿಟ್ಟೆ. ನಮ್ಮ ಕಸುಬಿನವರಿಗೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. "ವೈರಿಂಗಲ್ಲಿ ಏನೂ ಇಲ್ಲ ಸಾವ್ಕಾರ್ರೆ," ಎಂದೆ.

"ನಂಗೊತ್ತಿತ್ತು. ಇಂಡಿಕೇಟರ್ ಇರೋ ಗಾಡೀಲಿ ಕೈ ಆಡಿಸ್ತಾನಲ್ಲ, ಇವ್ನಿಗೆ ಕಣ್ಣೂ ಹೋಗೈತೆ, ಬುದ್ಧೀನೂ ಹೋಗೈತೆ," ಎಂದವರೇ ಅವನ ಕೈಯಿಂದ ಕೀಲಿ ಕಿತ್ತುಕೊಂಡರು. ಕುರುಡನೆಂಬ ಹೆಸರು ಹೊತ್ತ ಡ್ರೈವರನಿಗೆ ಆಮೇಲೆ ಯಾರೂ ಲಾರಿ ಕೊಡಲಿಲ್ಲ.

ಹತ್ತು ದಿನಕ್ಕೆ ಹೊಸ ಡ್ರೈವರ್ ಬಂದ. ಅದೇ ದೂರು ತಂದ.

ನನಗೆ ಸಿಟ್ಟು ನೆತ್ತಿಗೇರಿತು. ಪರೀಕ್ಷೆಗೆ ಮುಂಚೆ ಬ್ಯಾಟರಿಯಿಂದ ದಪ್ಪನೆಯ ವೈರೊಂದನ್ನು ಎಳೆದು ಲೈಟಿನ ಚೌಕಟ್ಟಿಗೆ ಕಚ್ಚಿಸುವುದು ನನ್ನ ಪದ್ಧತಿ. ಗುರು ಕಲಿಸಿದ್ದು, ಒಮ್ಮೆಯೂ ತಪ್ಪಿಸಿದವನಲ್ಲ. ಆ ದಿನ ಸಿಟ್ಟಿನಲ್ಲಿ ಅದನ್ನು ಮರೆತು ಸ್ವಿಚ್ಚು ಒತ್ತಿದೆ. ಹೆಡ್‌ಲೈಟು ತೂಕಡಿಸಿತು. ವೈರು ಕಚ್ಚಿಸಿದೆ, ಝಗ್ಗೆಂದಿತು. ತೆಗೆದೆ, ಮತ್ತೆ ತೂಕಡಿಸಿತು. ಲಾರಿಗಿಲ್ಲದ ಅರ್ತನ್ನು ಪ್ರತಿ ಸಲವೂ ನಾನೇ ಕೊಟ್ಟು, ಎಲ್ಲ ಸರಿಯಿದೆ ಎಂದು ನಾನೇ ಆಣೆ ಇಟ್ಟಿದ್ದೆ.

ಬಂಪರಿನ ಹಿಂದೆ ತಲೆ ತೂರಿಸಿದೆ. ಅರ್ತಿನ ಬೋಲ್ಟಿಗೆ ಹಸಿರು ಕಿಲುಬು ಹತ್ತಿ, ವೈರಿನ ತುದಿ ಮುಟ್ಟಿದರೆ ಉದುರುತ್ತಿತ್ತು. ಅದರ ಸುತ್ತ ತೆಂಗಿನ ನಾರು. ರುದ್ರಮುನಿಯವರು ಪ್ರತಿ ಶುಕ್ರವಾರ ಬಂಪರಿನ ಬಲಮೂಲೆಗೇ ಕಾಯಿ ಒಡೆಯುತ್ತಿದ್ದರು, ಬಲವೇ ಶುಭವೆಂದು. ಅಷ್ಟು ವರ್ಷದ ಕಾಯಿನೀರೆಲ್ಲ ಸಿಡಿದದ್ದು ಅಲ್ಲಿಗೆ.

ಆ ಬೋಲ್ಟನ್ನೇ ಬಿಚ್ಚಿಕೊಂಡು ಅವರ ಮನೆಗೆ ಹೋದೆ. "ಚಿಕ್ಕೀರಣ್ಣಂದು ತಪ್ಪಿಲ್ಲ. ನೀವು ಒಡೆದ ಕಾಯಿ ನೀರು ಇದನ್ನ ತಿಂದೈತೆ. ಅವ್ನನ್ನ ವಾಪಸ್ ಕರೀರಿ."

"ದೇವ್ರ ಕಾಯಿ ಮೇಲೆ ದೂರು ಹೇಳ್ತೀಯಾ?" ಬೋಲ್ಟನ್ನು ಅವರು ಕೈಯಿಂದ ಮುಟ್ಟಲೂ ಇಲ್ಲ. "ಬ್ಯಾಟರಿ ಮುಟ್ಟಿ ಹೇಳ್ದೋನು ನೀನೇ ತಾನೆ? ಅವತ್ತಿಂದು ನಿಜವೋ, ಇವತ್ತಿಂದೋ?"

"ಇವತ್ತಿಂದು."

"ಹಂಗಾದ್ರೆ ನಿನ್ ಮಾತು ನಂಬಿ ಡ್ರೈವರ್ ಬದಲಾಯ್ಸೋದು ನಾನು ಬಿಟ್ಟೆ. ಹೋಗು."

ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಬಾಗಿಲು ಹಾಕಿಕೊಂಡರು. ಹತ್ತು ದಿನದ ಹಿಂದೆ ಬೇಕಾಗಿದ್ದ ಕೂಗು ಅದು, ಈಗ ಯಾರಿಗೂ ಉಪಯೋಗವಾಗಲಿಲ್ಲ.

ಅಂಗಡಿಗೆ ಬಂದು ಹೊಸ ಬೋಲ್ಟು, ಹೊಸ ವೈರು ಹಾಕಿ ಚಿಕ್ಕೀರಣ್ಣನಿಗೆ ಹೇಳಿ ಕಳಿಸಿದೆ. ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದ. ನಡೆದದ್ದನ್ನೆಲ್ಲ ಹೇಳಿ ಲೈಟು ಹಚ್ಚಿ ತೋರಿಸಿದೆ. ಅವನು ಬಲಗಡೆಯ ಹೆಡ್‌ಲೈಟಿನ ಮುಂದೆ ಅಂಗೈ ಹಿಡಿದು ನಿಂತ.

"ಈಗ ಅರ್ತು ಸಿಕ್ತಲ್ಲ," ಎಂದ.

"ತಪ್ಪಾಯ್ತಣ್ಣ."

"ಹತ್ತು ಜನ ನನ್ನ ನೋಡಿ ನಗೋ ಹಂಗೆ ಮಾಡ್ದೆ. ತಪ್ಪಾಯ್ತು ಅನ್ನೋಕೆ ಯಾರೂ ಇಲ್ದಾಗ ಕರ್ಸಿದ್ದೀಯ."

ಅವನು ಸೈಕಲ್ ಹತ್ತಿದ. ಬಿಸಿಲಿಗೆ ಬೀದಿಯೆಲ್ಲ ಬಿಕೋ ಎನ್ನುತ್ತಿತ್ತು. ಮೂಲೆಯಲ್ಲಿ ಎಡಕ್ಕೆ ತಿರುಗಬೇಕಾದಾಗ, ಎಡಗೈ ಚಾಚಿದ್ದರೆ ಸಾಕಿತ್ತು. ಅವನ ಬಲಗೈ ಹ್ಯಾಂಡಲ್ ಬಿಟ್ಟು ಗಾಳಿಯಲ್ಲಿ ಒಂದು ಸುತ್ತು ಹಾಕಿತು. ಅವನ ಹಿಂದೆ ಯಾವ ಗಾಡಿಯೂ ಇರಲಿಲ್ಲ, ನೋಡಲು ನಾನೊಬ್ಬನೇ ಇದ್ದೆ.