ಹೌದು ಎನ್ನುವ ಮೊದಲು

ಮಣಿಪಾಲದ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕಾರ್ಲ್ಟನ್‌ನ ಕಂಪನಿ ಇತ್ತು. ಒಟ್ಟು ಆರು ಜನ. ಮೀನು ಹರಾಜಿನ ದರವನ್ನು ವ್ಯಾಪಾರಿಗಳ ಮೊಬೈಲಿಗೆ ತಲುಪಿಸುವ ಆ್ಯಪ್ ಅವರದು. ಅಲ್ಲಿನ ಎಂಜಿನಿಯರ್ ರೋಶನ್‌ನ ತಾಯಿ ಸುಂದರಿ ಕಾಪುವಿನಲ್ಲಿ ಮೀನು ಮಾರುವವರು. ಅವರೂ ದಿನಾ ಬೆಳಿಗ್ಗೆ ಮಗನ ಆ್ಯಪ್ ನೋಡಿಯೇ ಹೊರಡುತ್ತಿದ್ದರು.

ಏಪ್ರಿಲಿನ ಒಂದು ಮಂಗಳವಾರ ಕಾರ್ಲ್ಟನ್ ಕ್ಲೌಡಿನಲ್ಲಿದ್ದ ‘ಟೆಸ್ಟ್-2’ ಎಂಬ ಸರ್ವರನ್ನು ಅಳಿಸಿಹಾಕಿದ. ಟೆಸ್ಟ್ ಎಂದ ಮೇಲೆ ಬೇಡದ್ದೇ ಇರಬೇಕು ಎಂದುಕೊಂಡಿದ್ದ. ಇಡೀ ಆ್ಯಪ್ ಓಡುತ್ತಿದ್ದದ್ದು ಅದರ ಮೇಲೆಯೇ. ಮೂರು ವರ್ಷದ ಹಿಂದೆ ಒಂದೊಂದೇ ಬಟನ್ ಒತ್ತಿ ಅದನ್ನು ಕಟ್ಟಿದ್ದ ಜೋಕಿಮ್ ಈಗ ಕೆಲಸ ಬಿಟ್ಟು ಕಾರ್ಕಳದಲ್ಲಿ ಬೇಕರಿ ಇಟ್ಟಿದ್ದ. ರೋಶನ್ ಬೈಕ್ ಹತ್ತಿ ಅಲ್ಲಿಗೇ ಹೋದ.

“ಹೇಗೆ ಕಟ್ಟಿದ್ದು ಅಂತ ನನಗೂ ನೆನಪಿಲ್ಲ ಮಾರಾಯ. ಆ ವಾರ ನನಗೆ ಜ್ವರ ಇತ್ತು,” ಎಂದು ಜೋಕಿಮ್ ಅವನಿಗೆ ಎರಡು ಬನ್ನು ಕಟ್ಟಿಕೊಟ್ಟ.

ಡೇಟಾಬೇಸ್ ಬೇರೆ ಕಡೆ ಇದ್ದದ್ದರಿಂದ ಹಳೆಯ ದರಗಳು ಉಳಿದಿದ್ದವು, ಆದರೂ ಆ್ಯಪ್ ಮತ್ತೆ ಎದ್ದು ನಿಲ್ಲಲು ಎರಡೂವರೆ ದಿನ ಹಿಡಿಯಿತು. ಆ ಎರಡೂವರೆ ದಿನ ಸುಂದರಿ ಮಗನನ್ನು ಮಾತಾಡಿಸಲಿಲ್ಲ.

ಕಾರ್ಲ್ಟನ್ ಎಲ್ಲರನ್ನೂ ಕೂರಿಸಿಕೊಂಡ. “ಇನ್ನು ಮೇಲೆ ಎಲ್ಲವೂ ಫೈಲಿನಲ್ಲಿ ಬರೆದಿರಬೇಕು. ಫೈಲ್ ಓಡಿಸಿದರೆ ಸರ್ವರ್, ಡೇಟಾಬೇಸ್ ಎಲ್ಲ ತಾನಾಗಿ ಕಟ್ಟಿಕೊಳ್ಳಬೇಕು. ಅದಕ್ಕೆ ಯಾವ ಟೂಲ್ ಒಳ್ಳೆಯದು?”

“ಪುಲುಮಿ,” ಎಂದ ರೋಶನ್. “ಟೆರಾಫಾರ್ಮ್,” ಎಂದಳು ಕೆಮ್ಮಣ್ಣು ಊರಿನ ಇನ್ನೊಬ್ಬ ಎಂಜಿನಿಯರ್ ಧೃತಿ. ಇಬ್ಬರೂ ಒಟ್ಟಿಗೇ ಹೇಳಿದ್ದರು.

ನಾಲ್ಕು ದಿನ ವಾದ ನಡೆಯಿತು. ಪುಲುಮಿಯಲ್ಲಾದರೆ ಗೊತ್ತಿರುವ ಪೈಥಾನ್ ಭಾಷೆಯಲ್ಲೇ ಬರೆಯಬಹುದು ಎಂದು ರೋಶನ್ ಹದಿನಾಲ್ಕು ಸಾಲಿನ ಪಟ್ಟಿ ಮಾಡಿದ. ಧೃತಿ ಹದಿನೇಳು ಸಾಲಿನ ಪಟ್ಟಿ ಮಾಡಿದಳು. ಅವನ ಪಟ್ಟಿಯಲ್ಲಿ ಪುಲುಮಿ ಗೆದ್ದಿತ್ತು, ಅವಳ ಪಟ್ಟಿಯಲ್ಲಿ ಟೆರಾಫಾರ್ಮ್. ಕಾರ್ಲ್ಟನ್ ಎರಡನ್ನೂ ಓದಿ, ಎರಡೂ ಚೆನ್ನಾಗಿವೆ ಎಂದ.

“ನೀವಿಬ್ಬರೂ ರಜೆ ಹಾಕಿದರೆ ಓಡಿಸುವವರು ಯಾರು?” ಎಂದು ಆಮೇಲೆ ಕೇಳಿದ.

ಉಳಿದವರು ಮಹಾಲಕ್ಷ್ಮಿಯ ಕಡೆ ನೋಡಿದರು. ಅವಳ ಅಪ್ಪ ಅಮ್ಮ ಬಾಗಲಕೋಟೆಯಿಂದ ಕಟ್ಟಡದ ಕೆಲಸಕ್ಕೆ ಮಣಿಪಾಲಕ್ಕೆ ಬಂದವರು. ಅವಳು ಬಿಕಾಂ ಮುಗಿಸಿ ಮೂರು ವರ್ಷದಿಂದ ಇಲ್ಲಿ ಗ್ರಾಹಕರ ಫೋನ್ ನೋಡಿಕೊಳ್ಳುತ್ತಿದ್ದಳು. ಆ್ಯಪ್ ಬಿದ್ದ ದಿನಗಳಲ್ಲಿ ಎಲ್ಲರ ಬೈಗುಳ ಕೇಳಿದವಳೂ ಅವಳೇ.

ಶುಕ್ರವಾರ ಪರೀಕ್ಷೆ. ಇಬ್ಬರೂ ತಮ್ಮ ಫೈಲನ್ನೂ, ಓಡಿಸುವ ವಿಧಾನ ಬರೆದ ಒಂದು ಹಾಳೆಯನ್ನೂ ಮಹಾಲಕ್ಷ್ಮಿಗೆ ಕೊಟ್ಟರು. ಅಭ್ಯಾಸಕ್ಕೆಂದೇ ಕ್ಲೌಡಿನಲ್ಲಿ ಬೇರೆ ಖಾತೆ ತೆರೆದಿದ್ದರು. ಪಕ್ಕದಲ್ಲಿ ನಿಂತು ಹೇಳಿಕೊಡಬಾರದೆಂದು ಕಾರ್ಲ್ಟನ್ ಇಬ್ಬರನ್ನೂ ಉಡುಪಿಗೆ ಊಟಕ್ಕೆ ಕರೆದೊಯ್ದ. ಸಾರು ಬಡಿಸುವಾಗ ಅವನ ಫೋನ್ ರಿಂಗಾಯಿತು. ಮಹಾಲಕ್ಷ್ಮಿಯ ಕರೆ ಎಂದು ನೋಡಿ ಸ್ಪೀಕರ್ ಹಾಕಿದ.

“ರೋಶನ್ ಸರ್‌ದು ಆತ್ರಿ. ಎರಡು ನಿಮಿಷದಾಗ ಮುಗೀತು. ಏನೂ ಕೇಳ್ಲಿಲ್ಲ.”

ರೋಶನ್ ಅನ್ನ ಕಲಸಿದ.

“ಮೇಡಮ್ಮಾರ್ದು ನಿಂತೈತ್ರಿ. ಹನ್ನೊಂದು ಕಟ್ತೀನಿ, ಒಂದು ಕೆಡವ್ತೀನಿ, ಹೌದಂದ್ರ ಯೆಸ್ ಅಂತ ಒತ್ತು ಅಂತೈತಿ. ಹೊಸದು ಕಟ್ಟೂದ್ರಾಗ ಕೆಡವೂದು ಯಾಕ ಬಂತಂತ ಫೋನ್ ಮಾಡ್ದೆ.”

“ಕೆಡವುವುದು ಎಂತದನ್ನು?” ಎಂದಳು ಧೃತಿ.

“ಹರಾಜು ಡೇಟಾಬೇಸ್ ಅಂತ ಬರದೈತ್ರಿ.”

“ಮುಟ್ಟಬೇಡಿ! ಕೈ ತೆಗೆಯಿರಿ ಅದರಿಂದ!”

ವಾದ ನಡೆದ ದಿನಗಳಲ್ಲಿ ಧೃತಿ ಪ್ರಯೋಗಕ್ಕೆಂದು ನಿಜವಾದ ಖಾತೆಯ ಡೇಟಾಬೇಸನ್ನು ಟೂಲಿನ ಲೆಕ್ಕಕ್ಕೆ ಸೇರಿಸಿದ್ದಳು, ತೆಗೆಯಲು ಮರೆತಿದ್ದಳು. ಈಗ ಕೊಟ್ಟ ಫೈಲಿನಲ್ಲಿ ಅದರ ಹೆಸರಿಲ್ಲದ್ದರಿಂದ ಟೂಲ್ ಅದನ್ನು ಬೇಡದ್ದೆಂದು ಕೆಡವಲು ಹೊರಟಿತ್ತು. ಮಹಾಲಕ್ಷ್ಮಿ ಯೆಸ್ ಒತ್ತಿದ್ದರೆ ಮೂರು ವರ್ಷದ ಹರಾಜಿನ ಲೆಕ್ಕ ಹೋಗುತ್ತಿತ್ತು. ಧೃತಿ ಊಟ ಬಿಟ್ಟು ಎದ್ದಳು. ಕಾರ್ಲ್ಟನ್ ತನ್ನದನ್ನು ಮುಗಿಸಿದ.

ಹಿಂದಿರುಗುವಾಗ ಕಾರಿನಲ್ಲಿ ಕಾರ್ಲ್ಟನ್, “ಹಾಗಾದರೆ ರೋಶನ್‌ನದ್ದೇ ಆಗಲಿ, ಅಲ್ವಾ?” ಎಂದ. ಧೃತಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ರೋಶನ್ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅರ್ಧ ದಾರಿಯಲ್ಲಿ ಇಂದ್ರಾಳಿ ಬಂತು. ಅವನಿಗೆ ಇನ್ನು ತಡೆಯಲಾಗಲಿಲ್ಲ.

“ನನ್ನ ಟೂಲೂ ಕೇಳ್ತದೆ. ಅದು ಕೇಳುವುದನ್ನು ನಾನೇ ನಿಲ್ಲಿಸಿದ್ದೆ.”

“ಯಾಕೆ?” ಎಂದ ಕಾರ್ಲ್ಟನ್.

“ಪರೀಕ್ಷೆಯಲ್ಲಿ ಬೇಗ ಮುಗಿಯಲಿ ಅಂತ. ಇದೇ ತಪ್ಪು ನನ್ನ ಫೈಲಿನಲ್ಲಿ ಇದ್ದಿದ್ದರೆ ಮಹಾಲಕ್ಷ್ಮಿ ಫೋನ್ ಮಾಡುವಾಗ ಡೇಟಾಬೇಸ್ ಇರ್ತಿರಲಿಲ್ಲ.”

ಕಾರ್ಲ್ಟನ್ ಗೇರ್ ಬದಲಿಸಿದ. ಧೃತಿ ಮೊದಲ ಬಾರಿಗೆ ರೋಶನ್ ಕಡೆ ತಿರುಗಿದಳು.

ಆಫೀಸಿನಲ್ಲಿ ಕಾರ್ಲ್ಟನ್ ನೇರವಾಗಿ ಮಹಾಲಕ್ಷ್ಮಿಯನ್ನೇ ಕೇಳಿದ: “ಎರಡರಲ್ಲಿ ಓದಿ ಅರ್ಥ ಆದದ್ದು ಯಾವುದು?”

ಅವಳು ರೋಶನ್‌ನ ಮುಖ ನೋಡಿ ಹೇಳಿದಳು. “ಸರ್‌ದು ಭಾಳ ಚಂದ ಐತ್ರಿ. ಆದ್ರ ಎಷ್ಟು ಸರ್ವರ್ ಆಗ್ತಾವಂತ ಎಣಸಾಕ ಬರ್ಲಿಲ್ಲ. ಮೇಡಮ್ಮಾರ್ದು ಸಾಮಾನಿನ ಪಟ್ಟಿ ಇದ್ದಂಗ ಐತಿ.”

ರೋಶನ್‌ಗೆ ಬೇಸರವಾಯಿತು. ತಾನು ಕಷ್ಟಪಟ್ಟು ನಲವತ್ತು ಸಾಲನ್ನು ಆರು ಸಾಲಿಗೆ ಇಳಿಸಿದ್ದು ಅವನಿಗೆ ನೆನಪಿತ್ತು. ಅವಳಿಗೆ ಬೇಕಾಗಿದ್ದದ್ದು ಆ ನಲವತ್ತು ಸಾಲೇ.

ಟೆರಾಫಾರ್ಮ್ ಎಂದು ತೀರ್ಮಾನವಾಯಿತು. ಯಾರು ಬರೆದ ಫೈಲಾದರೂ, ಏನನ್ನು ಕೆಡವುತ್ತದೆ ಎಂದು ಮಹಾಲಕ್ಷ್ಮಿ ಓದಿ ಒಪ್ಪದೆ ಯಾರೂ ಯೆಸ್ ಒತ್ತಬಾರದು ಎಂಬ ನಿಯಮವೂ ಬಂತು. ಅವಳ ಹುದ್ದೆಯ ಹೆಸರು ಬದಲಾಯಿತು. ಫೋನ್ ಮಾತ್ರ ಅವಳ ಮೇಜಿನ ಮೇಲೆಯೇ ಉಳಿಯಿತು.

ಮುಂದಿನ ಸೋಮವಾರ ರೋಶನ್ ಟೆರಾಫಾರ್ಮ್‌ನಲ್ಲಿ ತನ್ನ ಮೊದಲ ಫೈಲ್ ಬರೆದು ಅವಳಿಗೆ ಕಳಿಸಿದ. ಮಧ್ಯಾಹ್ನ ಅದು ಎರಡು ಪ್ರಶ್ನೆಗಳೊಂದಿಗೆ ಹಿಂದೆ ಬಂತು. ಮೊದಲನೆಯದಕ್ಕೆ ಅವನಲ್ಲಿ ಉತ್ತರವಿತ್ತು. ಎರಡನೆಯದನ್ನು ಓದಿ, ಕುರ್ಚಿ ಎಳೆದುಕೊಂಡು ಧೃತಿಯ ಪಕ್ಕ ಹೋಗಿ ಕೂತ.